ಇನ್ಸುಲಿನ್ ಶುರುವಾದ ಮೇಲೆ: ಸೂಜಿ, ಜಾಗ, ಹೊತ್ತು, ಲೆಕ್ಕ

ಡೋಸ್ ಬದಲಾಗಿಲ್ಲ, ಊಟವೂ ಎಂದಿನಷ್ಟೇ. ಆದರೂ ಶುಗರ್ ಒಂದು ದಿನ 130, ಮರುದಿನ 290. ಇನ್ಸುಲಿನ್ ಹಾಕಿಕೊಳ್ಳುವವರನ್ನು ಕಂಗೆಡಿಸುವ ಮಾತು ಇದೇ. ಇಂಥ ಹೊತ್ತಲ್ಲಿ ಎಲ್ಲರಿಗೂ ಮೊದಲು ಅನುಮಾನ ಬರುವುದು ಊಟದ ಮೇಲೆ, ಆಮೇಲೆ ಡೋಸ್ ಮೇಲೆ. ಸೂಜಿ ಚುಚ್ಚುವ ಜಾಗ, ಬಾಟಲಿ ಇಡುವ ಜಾಗ, ಹಳೆಯ ಸೂಜಿ, ಪರೀಕ್ಷೆಗೆ ಮುಂಚೆ ತೊಳೆಯದ ಕೈ ಇವುಗಳ ಕಡೆ ಯಾರೂ ನೋಡುವುದಿಲ್ಲ. ತಪ್ಪು ಎಷ್ಟೋ ಸಲ ಅಲ್ಲೇ ಇರುತ್ತದೆ. ಎಷ್ಟು ಯೂನಿಟ್ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಹೇಳಿದಷ್ಟು ಯೂನಿಟ್ ನಿಜವಾಗಿಯೂ ಮೈಗೆ ಸೇರುವಂತೆ ನೋಡಿಕೊಳ್ಳುವ ಕೆಲಸ ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿದೆ.

ಈ ಬರಹದಲ್ಲಿರುವ ಶುಗರ್ ಅಂಕಿಗಳೆಲ್ಲ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು. ನಿಮ್ಮ ಮೀಟರು ಮಿಲಿಮೋಲ್‌ನಲ್ಲಿ ತೋರಿಸುವುದಾದರೆ ಆ ಅಂಕಿಯನ್ನು 18ರಿಂದ ಗುಣಿಸಿಕೊಳ್ಳಿ.

ಮೊದಲ ಕೆಲವು ವಾರ

ಮಾತ್ರೆಯಿಂದ ಇನ್ಸುಲಿನ್‌ಗೆ ಬಂದವರಲ್ಲಿ ಬಹಳ ಮಂದಿ ಅದನ್ನು ತಮ್ಮ ಸೋಲು ಎಂದುಕೊಳ್ಳುತ್ತಾರೆ. ಪಥ್ಯ ಸರಿಯಾಗಿ ಮಾಡಲಿಲ್ಲ, ಅದಕ್ಕೇ ಈ ಗತಿ ಬಂತು ಎಂದು ಮನೆಯವರೂ ಸೇರಿಸುತ್ತಾರೆ. ಅದು ಸರಿಯಲ್ಲ. ಎರಡನೇ ಬಗೆಯ ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಜೀವಕೋಶಗಳ ಶಕ್ತಿ ವರ್ಷ ಕಳೆದಂತೆ ಕುಗ್ಗುತ್ತಾ ಹೋಗುತ್ತದೆ. ಕಟ್ಟುನಿಟ್ಟಾಗಿ ಇದ್ದವರಲ್ಲೂ ಕುಗ್ಗುತ್ತದೆ. ಮೈಯಲ್ಲಿ ಕಡಿಮೆಯಾದ ವಸ್ತುವನ್ನೇ ಹೊರಗಿನಿಂದ ಕೊಡುತ್ತಿದ್ದೇವೆ, ಅಷ್ಟೇ. ಮೈಯಲ್ಲಿ ಇನ್ಸುಲಿನ್ ತಯಾರಿಕೆಯೇ ಬಹುತೇಕ ನಿಂತುಹೋದ ಮೊದಲನೇ ಬಗೆಯವರಿಗಂತೂ ಇದು ಉಸಿರಿನಷ್ಟೇ ಅಗತ್ಯ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚುವವರೆಗೂ ಆ ಬಗೆಯ ಕಾಯಿಲೆ ಬಂದ ಮಕ್ಕಳನ್ನು ಉಳಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಶುರುವಿನಲ್ಲಿ ಮೂರು ಸಂಗತಿಗಳು ಗಾಬರಿ ಹುಟ್ಟಿಸುತ್ತವೆ. ಮೊದಲನೆಯದು, ಕಣ್ಣು ಮಂಜಾಗುವುದು. ಶುಗರ್ ಏಕಾಏಕಿ ಇಳಿದಾಗ ಕಣ್ಣಿನ ಮಸೂರದೊಳಗಿನ ನೀರಿನ ಪ್ರಮಾಣ ಬದಲಾಗಿ ಹೀಗಾಗುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ, ಆದ್ದರಿಂದ ಒಂದೂವರೆ ಎರಡು ತಿಂಗಳು ಹೊಸ ಕನ್ನಡಕ ಮಾಡಿಸಬೇಡಿ. ಆದರೆ ಒಂದೇ ಕಣ್ಣು ಮಂಜಾದರೆ, ಕಣ್ಣ ಮುಂದೆ ಕಪ್ಪು ಚುಕ್ಕೆ ಅಥವಾ ಪರದೆ ಬಂದಂತಾದರೆ ಕಾಯದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಎರಡನೆಯದು, ತೂಕ ಏರುವುದು. ರಕ್ತದ ಸಕ್ಕರೆ ಸುಮಾರು 180 ದಾಟಿದಾಗ ಅದು ಮೂತ್ರದಲ್ಲಿ ಸೋರಿಹೋಗುತ್ತಿತ್ತು. ಈಗ ಸೋರುವುದು ನಿಂತಿದೆ, ತಿಂದದ್ದು ಮೈಯಲ್ಲೇ ಉಳಿಯುತ್ತಿದೆ. ಹಾಗೆಂದು ಡೋಸ್ ಬಿಟ್ಟು ತೂಕ ಇಳಿಸಲು ಹೋಗುವುದು ಅಪಾಯ. ಊಟದ ಪ್ರಮಾಣದ ಬಗ್ಗೆ ಆಹಾರ ತಜ್ಞರ ಜೊತೆ ಮಾತಾಡಿ. ಮೂರನೆಯದು, ಮೀಟರಿನಲ್ಲಿ 110 ಇದ್ದರೂ ಶುಗರ್ ಲೋ ಆದಂತೆ ಕೈ ನಡುಗುವುದು. ತಿಂಗಳುಗಟ್ಟಲೆ 300ರಲ್ಲಿದ್ದ ಮೈಗೆ 110 ಎಂದರೆ ಕುಸಿತವೇ. ಹೊಸ ಮಟ್ಟ ರೂಢಿಯಾಗುವವರೆಗೆ ಹೀಗಿರುತ್ತದೆ. ಮೊದಲು ಪರೀಕ್ಷೆ ಮಾಡಿ, ಅಂಕಿ ನೋಡಿ, ಆಮೇಲೆ ತೀರ್ಮಾನಿಸಿ.

ಬಾಟಲಿ, ಪೆನ್, ಸಿರಿಂಜ್

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಫ್ರಿಜ್ಜಿನ ಬಾಗಿಲಿನಲ್ಲಿ ಇಟ್ಟರೆ ತೆಗೆದು ಹಾಕುವಾಗೆಲ್ಲ ತಾಪ ಏರಿಳಿಯುತ್ತದೆ, ಒಳಗೋಡೆಗೆ ಒತ್ತಿಟ್ಟರೆ ಹೆಪ್ಪುಗಟ್ಟುತ್ತದೆ. ನಡುವಿನ ಅಥವಾ ಕೆಳಗಿನ ತಟ್ಟೆಯಲ್ಲಿ, ಒಂದು ಡಬ್ಬಿಯೊಳಗೆ ಇಡಿ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ಚೆನ್ನಾಗಿಯೇ ಕಂಡರೂ ಬಳಸುವಂತಿಲ್ಲ. ತೆರೆದು ಬಳಸುತ್ತಿರುವುದನ್ನು ತಂಪಾದ ನೆರಳಿನಲ್ಲಿ ಇಟ್ಟುಕೊಳ್ಳಬಹುದು. ಬಹಳಷ್ಟು ಬಗೆಗಳಿಗೆ 28 ದಿನ ಅವಧಿ, ಕೆಲವಕ್ಕೆ ಇನ್ನೂ ಹೆಚ್ಚು. ಎಷ್ಟು ದಿನ, ಎಷ್ಟು ಡಿಗ್ರಿಯವರೆಗೆ ಎಂಬುದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿರುತ್ತದೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಅಂಟುಪಟ್ಟಿ ಹಚ್ಚಿ ಬರೆಯಿರಿ. ನೆನಪಿನಲ್ಲಿಟ್ಟುಕೊಂಡರೆ 28 ದಿನ ಗೊತ್ತಿಲ್ಲದೆಯೇ 45 ಆಗಿಬಿಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಒಂದು ಮಧ್ಯಾಹ್ನ ಬಿಟ್ಟ ಇನ್ಸುಲಿನ್ ಪೆನ್ನನ್ನು ಮತ್ತೆ ನಂಬಬೇಡಿ.

ತಿಳಿಯಾಗಿರಬೇಕಾದ ಇನ್ಸುಲಿನ್ ಮಸುಕಾಗಿದ್ದರೆ ಎಸೆಯಿರಿ. ಎನ್‌ಪಿಎಚ್ (ನಿಧಾನವಾಗಿ ಕೆಲಸ ಮಾಡುವ ಬಗೆ) ಮತ್ತು 30/70ರಂಥ ಮಿಶ್ರ ಇನ್ಸುಲಿನ್‌ಗಳು ಹಾಲಿನಂತೆ ಬೆಳ್ಳಗಿರುವುದೇ ಸರಿ, ಆದರೆ ಅವನ್ನು ಪ್ರತಿ ಸಲ ಕಲಸಲೇಬೇಕು. ಅಂಗೈಗಳ ನಡುವೆ ಹತ್ತು ಸಲ ಹೊರಳಿಸಿ, ಹತ್ತು ಸಲ ಮೇಲೆ ಕೆಳಗೆ ತಿರುಗಿಸಿ. ಜೋರಾಗಿ ಕುಲುಕಿದರೆ ನೊರೆ ಬಂದು ಅಳತೆ ಕೆಡುತ್ತದೆ. ಕಲಸದೇ ಹಾಕಿಕೊಂಡರೆ ಒಂದು ದಿನ ಮೇಲಿನ ತಿಳಿ, ಇನ್ನೊಂದು ದಿನ ತಳದ ಗಟ್ಟಿ ಮೈಗೆ ಹೋಗುತ್ತದೆ. ಶುಗರ್ ಕುಣಿಯಲು ಅಷ್ಟು ಸಾಕು. ಕಲಸಿದ ಮೇಲೂ ಬಿಳಿ ಹರಳು, ಉಂಡೆ ಗಾಜಿಗೆ ಅಂಟಿಕೊಂಡಿದ್ದರೆ ಆ ಬಾಟಲಿ ಕೆಟ್ಟಿದೆ.

ಸಿರಿಂಜ್ ಬಳಸುವವರು ಇದೊಂದನ್ನು ಎರಡು ಸಲ ಓದಿ. ಬಾಟಲಿಗಳಲ್ಲಿ ಎರಡು ಸಾಂದ್ರತೆಗಳಿವೆ: ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು ಯು-40, 100 ಯೂನಿಟ್ ಇರುವುದು ಯು-100. ಸಿರಿಂಜೂ ಅದದಕ್ಕೇ ಬೇರೆ. ಯು-40 ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, ಯು-100ಕ್ಕೆ ಕಿತ್ತಳೆ. ಯು-100 ಬಾಟಲಿಯಿಂದ ಯು-40 ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬಂದಿರುವುದು 20 ಯೂನಿಟ್ ಅಲ್ಲ, 50. ಜೀವಕ್ಕೇ ಕುತ್ತು. ತಿರುವುಮುರುವಾದರೆ 20ರ ಬದಲು 8 ಮಾತ್ರ. ಮುಚ್ಚಳದ ಬಣ್ಣವನ್ನಷ್ಟೇ ನಂಬದೆ, ಸಿರಿಂಜಿನ ಮೈಮೇಲೆ ಬರೆದದ್ದನ್ನೂ ಬಾಟಲಿಯ ಚೀಟಿಯನ್ನೂ ಪಕ್ಕಪಕ್ಕ ಹಿಡಿದು ಓದಿ. ಅಂಗಡಿ ಬದಲಾದಾಗ, ಊರು ಬದಲಾದಾಗ, ಬ್ರ್ಯಾಂಡ್ ಬದಲಾದಾಗ ತಪ್ಪದೆ ಓದಿ.

ಪೆನ್‌ನಲ್ಲಿ ಈ ಗೊಂದಲ ಕಡಿಮೆ, ಬೇರೆ ತಪ್ಪುಗಳು ಹೆಚ್ಚು. ಪ್ರತಿ ಸಲ ಹೊಸ ಸೂಜಿ ಹಾಕಿ, 2 ಯೂನಿಟ್ ತಿರುಗಿಸಿ, ಸೂಜಿ ಮೇಲ್ಮುಖವಾಗಿ ಹಿಡಿದು ಗುಂಡಿ ಒತ್ತಿ. ತುದಿಯಲ್ಲಿ ಒಂದು ಹನಿ ಕಾಣುವವರೆಗೂ ಇದನ್ನೇ ಮತ್ತೆ ಮಾಡಿ. ಹನಿ ಬಾರದೇ ಚುಚ್ಚಿದರೆ ಒಳಗೆ ಹೋದದ್ದು ಗಾಳಿಯೋ ಔಷಧವೋ ಗೊತ್ತಾಗುವುದಿಲ್ಲ. ಡೋಸ್ ತಿರುಗಿಸಿ, ಚುಚ್ಚಿ, ಗುಂಡಿಯನ್ನು ಪೂರ್ತಿ ಒತ್ತಿ, ಬೆರಳು ತೆಗೆಯದೆ ನಿಧಾನವಾಗಿ ಹತ್ತರವರೆಗೆ ಎಣಿಸಿ, ಆಮೇಲೆ ಸೂಜಿ ತೆಗೆಯಿರಿ. ಬೇಗ ಎಳೆದರೆ ಚರ್ಮದ ಮೇಲೆ ಒದ್ದೆ ಕಾಣುತ್ತದೆ. ಅದು ನಿಮ್ಮ ಡೋಸಿನ ಭಾಗವೇ. ಒದ್ದೆ ಕಂಡಿತೆಂದು ಅಂದಾಜಿನ ಮೇಲೆ ಇನ್ನಷ್ಟು ಹಾಕಿಕೊಳ್ಳಬೇಡಿ. ಬರೆದಿಟ್ಟು, ಶುಗರ್ ನೋಡುತ್ತಿರಿ.

ಸೂಜಿಯನ್ನು ಪೆನ್‌ಗೇ ಬಿಟ್ಟಿಡುವ ಅಭ್ಯಾಸ ಬಹಳ ಜನಕ್ಕಿದೆ. ಸೆಕೆಯಾದಾಗ ದ್ರವ ಹಿಗ್ಗಿ ಹನಿಯಾಗಿ ಸೋರುತ್ತದೆ, ತಂಪಾದಾಗ ಕುಗ್ಗಿ ಗಾಳಿ ಎಳೆದುಕೊಳ್ಳುತ್ತದೆ. ಬೆಳ್ಳಗಿನ ಮಿಶ್ರ ಇನ್ಸುಲಿನ್‌ನಲ್ಲಿ ಬರೀ ನೀರು ಸೋರಿ, ಉಳಿದದ್ದರ ಸಾಂದ್ರತೆಯೇ ಬದಲಾಗಬಹುದು. ಒಬ್ಬರ ಪೆನ್ ಇನ್ನೊಬ್ಬರು ಬಳಸುವಂತಿಲ್ಲ, ಸೂಜಿ ಬದಲಿಸಿದರೂ ಸರಿಯೇ. ಪೆನ್ನಿನ ಕಾರ್ಟ್ರಿಜ್ (ಇನ್ಸುಲಿನ್ ತುಂಬಿದ ಕೊಳವೆ) ಒಳಕ್ಕೆ ರಕ್ತದ ಅಂಶ ಹಿಂದಕ್ಕೆ ಬಂದಿರಬಹುದು.

ಚುಚ್ಚುವ ಜಾಗ

ಹೊಟ್ಟೆ, ತೊಡೆಯ ಮೇಲ್ಭಾಗದ ಹೊರಮಗ್ಗುಲು, ಪೃಷ್ಠದ ಮೇಲ್ಭಾಗ, ತೋಳಿನ ಹಿಂಬದಿ — ಈ ನಾಲ್ಕು ಕಡೆ ಚುಚ್ಚಬಹುದು. ದೊಡ್ಡವರಿಗೆ, ಮೈ ದಪ್ಪವಿದ್ದವರಿಗೂ, 4 ಮಿಲಿಮೀಟರಿನ ಸೂಜಿ ಸಾಕು. ಚರ್ಮದ ದಪ್ಪ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. 4 ಮಿ.ಮೀ. ಸೂಜಿಯನ್ನು ನೇರಕ್ಕೆ ಚುಚ್ಚಿ. ತೀರಾ ತೆಳ್ಳಗಿದ್ದವರು, ಚಿಕ್ಕ ಮಕ್ಕಳು, ಉದ್ದ ಸೂಜಿ ಅಥವಾ ಸಿರಿಂಜ್ ಬಳಸುವವರು ಹೆಬ್ಬೆರಳು ತೋರುಬೆರಳಿನಿಂದ ಚರ್ಮವನ್ನು ಮೆಲ್ಲಗೆ ಎತ್ತಿ ಹಿಡಿಯಬೇಕು. ಸ್ನಾಯುವಿಗೆ ಹೋದರೆ ಇನ್ಸುಲಿನ್ ಬೇಗ ಹೀರಿಕೊಂಡು ಶುಗರ್ ಧುತ್ತನೆ ಇಳಿಯುತ್ತದೆ. ಚುಚ್ಚಿದ ಮೇಲೆ ಉಜ್ಜಬೇಡಿ. ಉಜ್ಜಿದರೂ, ಬಿಸಿನೀರಿನ ಸ್ನಾನ ಮಾಡಿದರೂ ಅದೇ ಬಗೆಯ ಅವಸರ ಆಗುತ್ತದೆ.

ಈಗ ಗಂಟಿನ ವಿಷಯ. ಒಂದೇ ಕಡೆ ಮತ್ತೆ ಮತ್ತೆ ಚುಚ್ಚಿದರೆ ಅಲ್ಲಿನ ಕೊಬ್ಬು ದಪ್ಪಗಾಗಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಅಲ್ಲಿ ನೋವು ಕಡಿಮೆ, ಹಾಗಾಗಿ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ, ಗಂಟು ಇನ್ನೂ ಬೆಳೆಯುತ್ತದೆ. ಗಂಟಿನೊಳಗೆ ಹೋದ ಇನ್ಸುಲಿನ್ ಒಂದು ದಿನ ತಡವಾಗಿ, ಒಂದು ದಿನ ಅರ್ಧಂಬರ್ಧ, ಮತ್ತೊಂದು ದಿನ ಒಟ್ಟಿಗೇ ರಕ್ತಕ್ಕೆ ಬರುತ್ತದೆ. ಮೊದಲು ಹೇಳಿದ 130 ಮತ್ತು 290ರ ಆಟಕ್ಕೆ ಬಹಳ ಸಲ ಇದೇ ಕಾರಣ.

ಗಂಟು ಕಣ್ಣಿಗೆ ಕಾಣದಿರಬಹುದು, ಬೆರಳಿಗೆ ಸಿಗುತ್ತದೆ. ಸ್ನಾನದ ಹೊತ್ತಲ್ಲಿ ಹೊಟ್ಟೆಗೆ ಸೋಪು ಹಚ್ಚಿ, ಮೂರು ಬೆರಳ ತುದಿಗಳನ್ನು ಸಣ್ಣ ಸುತ್ತಿನಲ್ಲಿ ಒತ್ತುತ್ತಾ ಹೊಕ್ಕುಳಿನ ಎರಡೂ ಬದಿ ನಿಧಾನವಾಗಿ ಸರಿಸಿ. ಮೆತ್ತಗಿದ್ದ ಜಾಗ ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಬೆರಳಿಗೆ ಅಂಚು ತಗುಲಿದಂತೆ ಆದರೆ ಅದೇ ಗಂಟು. ಬರೆಯುವ ಪೆನ್ನಿನಿಂದ ಅದರ ಸುತ್ತ ಗುರುತು ಹಾಕಿಕೊಂಡು ಕೆಲವು ತಿಂಗಳು ಆ ಕಡೆ ಚುಚ್ಚಬೇಡಿ.

ಆದರೆ ಎಚ್ಚರ. ಗಂಟು ಬಿಟ್ಟು ಹೊಸ ಜಾಗಕ್ಕೆ ಹೋದ ದಿನ ಅದೇ ಡೋಸ್ ಪೂರ್ತಿ ಕೆಲಸ ಮಾಡಿ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಜಾಗ ಬದಲಿಸುವ ಮುಂಚೆ ವೈದ್ಯರಿಗೆ ಹೇಳಿ, ಡೋಸ್ ಇಳಿಸಬೇಕೇ ಎಂದು ಕೇಳಿ, ಆ ವಾರ ಹೆಚ್ಚು ಸಲ ಪರೀಕ್ಷೆ ಮಾಡಿ.

ಗಂಟು ಬಾರದಂತೆ ನೋಡಿಕೊಳ್ಳಲು ಒಂದು ಸರಳ ದಾರಿ: ಹೊಟ್ಟೆಯನ್ನು ಹೊಕ್ಕುಳ ಸುತ್ತ ನಾಲ್ಕು ಭಾಗ ಮಾಡಿಕೊಂಡು, ವಾರಕ್ಕೊಂದು ಭಾಗ, ಗಡಿಯಾರದ ದಿಕ್ಕಿನಲ್ಲಿ ಸಾಗಿ. ಭಾಗದೊಳಗೆ ಪ್ರತಿ ಚುಚ್ಚಿಗೂ ಹಿಂದಿನದಕ್ಕಿಂತ ಒಂದು ಬೆರಳಗಲ ಜಾಗ ಬಿಡಿ. ಹೊಕ್ಕುಳಿಗೆ ತೀರಾ ಹತ್ತಿರ ಬೇಡ. ಬೆಳಗಿನ ಡೋಸ್ ಒಂದು ದಿನ ಹೊಟ್ಟೆ, ಇನ್ನೊಂದು ದಿನ ತೊಡೆ ಎಂದು ಅಡ್ಡಾದಿಡ್ಡಿ ಮಾಡಬೇಡಿ. ಹೀರಿಕೊಳ್ಳುವ ವೇಗ ಜಾಗದಿಂದ ಜಾಗಕ್ಕೆ ಬೇರೆ. ಬೆಳಗಿನದಕ್ಕೆ ಹೊಟ್ಟೆ, ರಾತ್ರಿಯದಕ್ಕೆ ತೊಡೆ ಎಂದು ಒಂದು ಕಟ್ಟು ಇರಲಿ.

ಊಟಕ್ಕೂ ಸೂಜಿಗೂ ನಡುವಿನ ಹೊತ್ತು

ಸಾಮಾನ್ಯ ಹ್ಯೂಮನ್ ರೆಗ್ಯುಲರ್ ಇನ್ಸುಲಿನ್ ಮತ್ತು ಅದರಿಂದ ಮಾಡಿದ 30/70 ಮಿಶ್ರಣ ಊಟಕ್ಕೆ ಸುಮಾರು ಅರ್ಧ ಗಂಟೆ ಮುಂಚೆ. ಲಿಸ್ಪ್ರೊ, ಆಸ್ಪಾರ್ಟ್‌ನಂಥ ಶೀಘ್ರ ಇನ್ಸುಲಿನ್ ಊಟಕ್ಕೆ ಕೂರುವ ಹೊತ್ತಿಗೆ ಅಥವಾ 15 ನಿಮಿಷ ಮುಂಚೆ. ರೆಗ್ಯುಲರ್ ಹಾಕಿಕೊಂಡು ತಕ್ಷಣ ಉಂಡರೆ ಊಟ ಮೊದಲು ಏರುತ್ತದೆ, ಇನ್ಸುಲಿನ್ ಹಿಂದೆ ಬೀಳುತ್ತದೆ. ಊಟದ ಎರಡು ಗಂಟೆ ನಂತರ 260, ನಾಲ್ಕು ಗಂಟೆಗೆ 65 ಬರುವುದು ಹೀಗೆ. ಗ್ಲಾರ್ಜಿನ್‌ನಂಥ ದೀರ್ಘಕಾಲದ ಇನ್ಸುಲಿನ್‌ಗೆ ಊಟದ ಹಂಗಿಲ್ಲ, ದಿನವೂ ಒಂದೇ ಹೊತ್ತಾದರೆ ಆಯಿತು. ಅದನ್ನು ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜಿನಲ್ಲಿ ಬೆರೆಸಬಾರದು.

ಶುಗರ್ ಲೋ ಆದಾಗ

70ಕ್ಕಿಂತ ಕೆಳಗೆ ಬಂದರೆ ಚಿಕಿತ್ಸೆ ಬೇಕು. 54ಕ್ಕಿಂತ ಕೆಳಗಿಳಿದರೆ ಮಿದುಳಿಗೇ ಸಕ್ಕರೆ ಸಾಲದ ಮಟ್ಟ. ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ಥಟ್ಟನೆ ಹಸಿವು, ಕಾರಣವಿಲ್ಲದ ಸಿಟ್ಟು, ಮಾತು ತೊದಲುವುದು ಲಕ್ಷಣಗಳು. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಮೊದಲು ಸಕ್ಕರೆ ತಿನ್ನಿ.

15 ಗ್ರಾಂ ಸಕ್ಕರೆ ಅಂಶ ತೆಗೆದುಕೊಳ್ಳಿ: ನೀರಿನಲ್ಲಿ ಕದಡಿದ ಮೂರ್ನಾಲ್ಕು ಟೀ ಚಮಚ ಸಕ್ಕರೆ, ಅಷ್ಟೇ ಗ್ಲುಕೋಸ್ ಪುಡಿ, ಅಥವಾ 150 ಮಿ.ಲೀ. ಸಿಹಿ ಹಣ್ಣಿನ ರಸ. 15 ನಿಮಿಷ ಕಾದು ಮತ್ತೆ ಪರೀಕ್ಷೆ ಮಾಡಿ. ಇನ್ನೂ 70ರ ಕೆಳಗಿದ್ದರೆ ಮತ್ತೆ 15 ಗ್ರಾಂ. ಮೇಲೆ ಬಂದ ಮೇಲೆ, ಮುಂದಿನ ಊಟ ದೂರವಿದ್ದರೆ ಏನಾದರೂ ಸ್ವಲ್ಪ ತಿನ್ನಿ. ಚಾಕೊಲೇಟ್, ಐಸ್‌ಕ್ರೀಂ ಬೇಡ. ಅವುಗಳ ಕೊಬ್ಬು ಸಕ್ಕರೆಯನ್ನು ತಡಮಾಡುತ್ತದೆ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ ನುಂಗುವವರಿಗೆ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲುಕೋಸೇ ಆಗಬೇಕು. ಇದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ.

ಕಷ್ಟವಿರುವುದು ಆ 15 ನಿಮಿಷ ಕಾಯುವುದರಲ್ಲಿ. ಮೈ ನಡುಗುವಾಗ ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುವಂತಾಗುತ್ತದೆ, ಎರಡು ಗಂಟೆ ಬಿಟ್ಟು 320 ಬರುತ್ತದೆ, ಅದಕ್ಕೆ ಹೆದರಿ ಮತ್ತೆ ಇನ್ಸುಲಿನ್, ಮತ್ತೆ ಲೋ. 15 ಗ್ರಾಂನ ಪೊಟ್ಟಣಗಳನ್ನು ಮೊದಲೇ ಅಳೆದು ಕಟ್ಟಿ ಹಾಸಿಗೆ ಪಕ್ಕ, ಚೀಲದಲ್ಲಿ, ವಾಹನದಲ್ಲಿ ಇಟ್ಟರೆ ಆ ಹೊತ್ತಲ್ಲಿ ಯೋಚಿಸುವ ಕೆಲಸವಿರುವುದಿಲ್ಲ.

ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ, ಶುಗರ್ ಏರಿಸುವ ಔಷಧವಾದ ಗ್ಲುಕಗಾನ್ ಇದ್ದು ಕೊಡಲು ಬಂದರೆ ಕೊಡಿ, ಆಂಬುಲೆನ್ಸ್ ಕರೆಯಿರಿ. ಇದನ್ನು ನೀವು ಕಲಿತರೆ ಉಪಯೋಗವಿಲ್ಲ, ಮನೆಯವರು ಕಲಿಯಬೇಕು.

ರಾತ್ರಿಯ ಲೋ ಕಳ್ಳನಂತೆ ಬಂದು ಹೋಗುತ್ತದೆ. ಬೆವರಿನಿಂದ ಒದ್ದೆಯಾದ ದಿಂಬು, ಕೆಟ್ಟ ಕನಸು, ಏಳುವಾಗ ತಲೆನೋವು ಅದರ ಗುರುತು. ಸಂಜೆ ಹೆಚ್ಚು ನಡೆದಿದ್ದರೆ, ದೇಹಶ್ರಮ ಮಾಡಿದ್ದರೆ ಅದರ ಪರಿಣಾಮ ಮರುದಿನದವರೆಗೂ ಇರಬಹುದು. ಮದ್ಯ ಸೇವಿಸಿದ್ದರೆ ಯಕೃತ್ತು ಸಕ್ಕರೆ ಬಿಡುವುದನ್ನೇ ತಡೆಯುತ್ತದೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ನುಂಗುವವರಲ್ಲಿ ನಡುಕ, ಎದೆಬಡಿತ ತಿಳಿಯದೇ ಹೋಗಬಹುದು, ಬೆವರಂತೂ ಬರುತ್ತದೆ. ಮೇಲಿಂದ ಮೇಲೆ ಲೋ ಆದವರಿಗೆ ಮುನ್ಸೂಚನೆಯೇ ಮಾಯವಾಗುತ್ತದೆ. ಕೆಲವು ವಾರ ಲೋ ಆಗದಂತೆ ನೋಡಿಕೊಂಡರೆ ಅದು ಬಹುಪಾಲು ಮರಳಿ ಬರುತ್ತದೆ. ಅದಕ್ಕಾಗಿ ಗುರಿಯನ್ನು ಸ್ವಲ್ಪ ಮೇಲಿಡಲು ವೈದ್ಯರನ್ನು ಕೇಳಬಹುದು. ವಾಹನ ಓಡಿಸುವ ಮುಂಚೆ ಪರೀಕ್ಷೆ ಮಾಡದೆ ಹೊರಡಬೇಡಿ.

ಮೀಟರು ಮತ್ತು ಪುಸ್ತಕ

ಹಣ್ಣು ಮುಟ್ಟಿದ ಬೆರಳಿನಲ್ಲಿ ಪರೀಕ್ಷೆ ಮಾಡಿದರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ. ಸೋಪಿನಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಬೆರಳ ತುದಿಯ ಮಗ್ಗುಲಲ್ಲಿ ಚುಚ್ಚಿ. ನಡುವಿನಲ್ಲಿ ನೋವು ಹೆಚ್ಚು. ಸ್ಟ್ರಿಪ್ ಡಬ್ಬಿಯ ಮುಚ್ಚಳ ತಕ್ಷಣ ಹಾಕಿ, ತೇವಕ್ಕೆ ಸ್ಟ್ರಿಪ್ ಕೆಡುತ್ತದೆ. ಮೀಟರುಗಳಿಗಿರುವ ಅಂತರರಾಷ್ಟ್ರೀಯ ಮಾನದಂಡದಲ್ಲೇ 100 ಮತ್ತು ಅದಕ್ಕಿಂತ ಮೇಲೆ ಶೇ 15ರಷ್ಟು ಆಚೀಚೆಗೆ ಅವಕಾಶವಿದೆ. ಒಂದೇ ಹೊತ್ತಲ್ಲಿ ಎರಡು ಬೆರಳಿನಿಂದ 152 ಮತ್ತು 168 ಬಂದರೆ ಅದು ಒಂದೇ ಅಂಕಿ ಎಂದು ತಿಳಿಯಿರಿ.

ದಿನವೂ ಬೆಳಗ್ಗೆ ಖಾಲಿ ಹೊಟ್ಟೆಯದ್ದೊಂದನ್ನೇ ನೋಡುತ್ತಾ ಹೋದರೆ ಉಳಿದ ದಿನ ಕತ್ತಲಲ್ಲೇ ಇರುತ್ತದೆ. ಸ್ಟ್ರಿಪ್ ಕಡಿಮೆ ಇದ್ದರೆ ವಾರಕ್ಕೊಂದು ಪ್ರಶ್ನೆ ಇಟ್ಟುಕೊಳ್ಳಿ. ಈ ವಾರ, ಮೂರು ದಿನ, ರಾತ್ರಿ ಊಟದ ಮುಂಚೆ ಮತ್ತು ಎರಡು ಗಂಟೆ ನಂತರ. ಮುಂದಿನ ವಾರ ಮಧ್ಯಾಹ್ನದ್ದು. ಬೆಳಗ್ಗೆ ಸದಾ ಹೆಚ್ಚಿದ್ದರೆ ಎರಡು ಮೂರು ರಾತ್ರಿ 3 ಗಂಟೆಗೆ ಎದ್ದು ನೋಡಿ. ಆಗ ಕಡಿಮೆ ಇದ್ದರೆ ರಾತ್ರಿಯ ಡೋಸ್ ಏರಿಸುವುದು ತಪ್ಪಾಗುತ್ತದೆ. ಆಗ ಸರಿಯಿದ್ದು ಬೆಳಗಿನ ಜಾವ ಏರುತ್ತಿದ್ದರೆ ಅದು ಹಾರ್ಮೋನುಗಳ ಕೆಲಸ, ಚಿಕಿತ್ಸೆಯ ದಾರಿ ಬೇರೆ.

ಬರೀ ಅಂಕಿ ಬರೆದರೆ ವೈದ್ಯರಿಗೂ ಏನೂ ತಿಳಿಯುವುದಿಲ್ಲ. “ರಾತ್ರಿ 9.10, 14 ಯೂನಿಟ್, ಎಡತೊಡೆ, ಸಂಜೆ ಒಂದು ಗಂಟೆ ನಡಿಗೆ, ಬೆಳಗ್ಗೆ 72” — ಹೀಗೊಂದು ಸಾಲು ಬರೆದರೆ ಕಾರಣ ಅದರಲ್ಲೇ ಕಾಣುತ್ತದೆ. ಕೆಟ್ಟ ಅಂಕಿಯನ್ನು ಮುಚ್ಚಿಡಬೇಡಿ, ತಪಾಸಣೆಯ ಹಿಂದಿನ ರಾತ್ರಿ ಕೂತು ಹತ್ತು ದಿನದ್ದನ್ನು ಒಟ್ಟಿಗೆ ತುಂಬಿಸಬೇಡಿ. ಪುಸ್ತಕ ತೋರಿಸಿದಾಗಲೆಲ್ಲ ಬೈಗುಳ ಬೀಳುವ ಮನೆಯಲ್ಲಿ ಯಾರೂ ನಿಜ ಬರೆಯುವುದಿಲ್ಲ. ಮನೆಯವರು “ಯಾಕೆ ಇಷ್ಟಾಯ್ತು” ಎನ್ನುವ ಬದಲು “ಇವತ್ತು ಏನು ಬೇರೆ ಇತ್ತು” ಎಂದು ಕೇಳಲಿ.

ಜ್ವರ, ವಾಂತಿ ಬಂದಾಗ

ಊಟ ಸೇರುತ್ತಿಲ್ಲ ಎಂದು ದೀರ್ಘಕಾಲದ ಇನ್ಸುಲಿನ್ ನಿಲ್ಲಿಸಬೇಡಿ, ಮೊದಲನೇ ಬಗೆಯವರಂತೂ ಯಾವ ಕಾರಣಕ್ಕೂ. ಸೋಂಕಿನಲ್ಲಿ ಉಪವಾಸವಿದ್ದರೂ ಶುಗರ್ ಏರುತ್ತದೆ. ಎರಡರಿಂದ ನಾಲ್ಕು ಗಂಟೆಗೊಮ್ಮೆ ನೋಡಿ, ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ. ಶುಗರ್ 250 ದಾಟಿ ಇಳಿಯದೆ ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಇದ್ದರೆ, ಅಥವಾ ರಕ್ತದ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ಹುಟ್ಟುವ ಆಮ್ಲ) ಲೀಟರಿಗೆ 1.5 ಮಿಲಿಮೋಲ್ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮೆಟ್‌ಫಾರ್ಮಿನ್, ಹೆಸರು ‘ಗ್ಲಿಫ್ಲೋಜಿನ್’ ಎಂದು ಮುಗಿಯುವ ಮಾತ್ರೆಗಳನ್ನು ವಾಂತಿಭೇದಿ ಇದ್ದಾಗ ನಿಲ್ಲಿಸಬೇಕೇ ಎಂದು ಆರೋಗ್ಯವಾಗಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ‘ಗ್ಲಿಫ್ಲೋಜಿನ್’ ಮಾತ್ರೆ ನುಂಗುವವರಲ್ಲಿ ಶುಗರ್ ಅಷ್ಟೇನೂ ಏರದಿದ್ದರೂ ಕೀಟೋನ್ ಏರಬಹುದು.

ವಿಮಾನದಲ್ಲಿ ಇನ್ಸುಲಿನ್ ಕೈಚೀಲದಲ್ಲಿರಲಿ, ಸರಕಿನ ಅಂಕಣದಲ್ಲಿ ಹೆಪ್ಪುಗಟ್ಟಬಹುದು. ಬಳಸಿದ ಸೂಜಿಗಳನ್ನು ತಿರುಪು ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮುಕ್ಕಾಲು ತುಂಬಿದಾಗ ಮುಚ್ಚಿ ಆಸ್ಪತ್ರೆಯಲ್ಲಿ ಕೊಡಿ. ರಾತ್ರಿ ಮಲಗುವ ಮುಂಚೆ ಪಾದದ ಅಡಿ, ಬೆರಳ ಸಂದು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ.

ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಪುಸ್ತಕದ ಜೊತೆ ನಿಮ್ಮದೇ ಪೆನ್ ಅಥವಾ ಸಿರಿಂಜ್, ಬಾಟಲಿ, ಮೀಟರ್ ಎಲ್ಲ ತೆಗೆದುಕೊಂಡು ಹೋಗಿ. ಅಲ್ಲಿನ ನರ್ಸ್ ಎದುರಿಗೆ, ಮನೆಯಲ್ಲಿ ಹೇಗೋ ಹಾಗೆಯೇ, ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸಿ. ಆಮೇಲೆ ಹೊಟ್ಟೆ, ತೊಡೆ ತೋರಿಸಿ, ಗಂಟಿದೆಯೇ ಮುಟ್ಟಿ ನೋಡಿ ಎಂದು ಕೇಳಿ. ಡೋಸ್ ಏರಿಸುವ ಮಾತು ಅದಾದ ಮೇಲೆ.